ಬೇಸ್ ಬರುತ್ತಿಲ್ಲ ಅಂತ ಸಬ್‌ವೂಫರ್ ಸುಟ್ಟುಕೊಂಡೆ

ಹೋದ ದಸರಾ ರಜೆಯಲ್ಲಿ ಒಂದು ರಾತ್ರಿ ನಮ್ಮ ಹಾಲ್‌ನಲ್ಲಿ ವಾಸನೆ ಎದ್ದಿತು. ಮಿಕ್ಸಿ ಮೋಟರ್ ಸುಟ್ಟಾಗ ಬರುತ್ತಲ್ಲ, ಅದೇ ವಾಸನೆ. ಅಮ್ಮ ಅಡುಗೆಮನೆಗೆ ಓಡಿ ಮಿಕ್ಸಿ ಮುಟ್ಟಿ ನೋಡಿದರು. ಅದು ತಣ್ಣಗಿತ್ತು. ಸುಟ್ಟದ್ದು ನನ್ನ ಸಬ್‌ವೂಫರ್, ಅಂದರೆ ಬೇಸ್ (ಆಳದ ಸದ್ದು) ಹೊರಡಿಸುವ ಸ್ಪೀಕರ್ ಪೆಟ್ಟಿಗೆ. ಕೊಂಡು ಐದು ತಿಂಗಳಾಗಿತ್ತು, ಅಷ್ಟೇ.

ಈಗ ಯಾರಾದರೂ "ಹೋಮ್ ಥಿಯೇಟರ್ ಹಾಕಿಸಿದ್ದೀನಿ, ಬೇಸ್ ಸಾಲ್ತಿಲ್ಲ" ಅಂದರೆ ನಾನು ಮೊದಲು ಕೇಳುವುದು "ಸೋಫಾ ಎಲ್ಲಿದೆ?" ಅಂತ. ಎಲ್ಲರೂ ನನ್ನ ಮುಖವನ್ನು ವಿಚಿತ್ರವಾಗಿ ನೋಡುತ್ತಾರೆ. ನನ್ನ ಕಥೆ ಓದಿದರೆ ಗೊತ್ತಾಗುತ್ತದೆ.

ನಮ್ಮದು ಬೆಂಗಳೂರಿನ ಮಾಮೂಲಿ ಎರಡು ಬೆಡ್‌ರೂಮಿನ ಫ್ಲಾಟ್. ಹಾಲ್ 15 ಅಡಿ ಉದ್ದ, 11 ಅಡಿ ಅಗಲ. ಒಂದು ತುದಿಯ ಗೋಡೆಗೆ ಟಿವಿ, ಇನ್ನೊಂದು ತುದಿಯ ಗೋಡೆಗೆ ಒತ್ತಿಕೊಂಡು ಊಟದ ಟೇಬಲ್. ಸೋಫಾ ಸರಿಯಾಗಿ ನಡುಮಧ್ಯೆ. ಒಂದು ರಿಸೀವರ್ (ಸದ್ದನ್ನು ಎಲ್ಲ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ), ಐದು ಸ್ಪೀಕರ್, 10 ಇಂಚಿನ 150 ವ್ಯಾಟ್ ಸಬ್‌ವೂಫರ್. ಅಂಗಡಿಯಿಂದ ಬಂದ ಹುಡುಗ ಸಬ್ ಅನ್ನು ಟಿವಿ ಪಕ್ಕದ ಮೂಲೆಗೆ ತಳ್ಳಿದ, ವೈರ್ ಎಳೆದ, ಕಾಫಿ ಕುಡಿದ, ಹೋದ.

ಅಂಗಡಿಯಲ್ಲಿ ಎದೆಗೆ ಗುದ್ದಿದ ಬೇಸ್ ಮನೆಗೆ ಬರಲೇ ಇಲ್ಲ. ಸಿನಿಮಾದಲ್ಲಿ ಕಟ್ಟಡ ಬಿದ್ದರೆ ನನಗೆ ಪ್ಲಾಸ್ಟಿಕ್ ಬಕೆಟ್ ಬಡಿದ ಹಾಗೆ ಕೇಳುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ.

"ಗೇನ್ ಎಷ್ಟಿಟ್ಟಿದ್ದೀರಾ ಸರ್? ಅರ್ಧಾನಾ? ಫುಲ್ ಇಡಿ. ರಿಸೀವರ್‌ನಲ್ಲಿ ಸಬ್ ಲೆವೆಲ್ ಪ್ಲಸ್ ಹತ್ತು ಮಾಡಿ. ಬೇಸ್ ಬೂಸ್ಟೂ ಆನ್ ಮಾಡಿ. ಆಮೇಲೆ ನೋಡಿ!"

ಗೇನ್ ಅಂದರೆ ಸಬ್‌ನ ಸದ್ದು ಏರಿಸುವ ಗುಂಡಿ. ಮಾಡಿದೆ. ನನಗೆ ಕೇಳಿಸಿದ್ದು ಒಂಚೂರು ಜಾಸ್ತಿ, ಅಷ್ಟೇ. ಆದರೆ ಹಿಂದೆ ಊಟಕ್ಕೆ ಕೂತಿದ್ದ ಅಮ್ಮ ಕೂಗಿದರು. "ಲೋ, ತಟ್ಟೆ ಕುಣೀತಿದೆ ಕಣೋ! ಇನ್ನೂ ಎಷ್ಟು ಜಾಸ್ತಿ ಮಾಡ್ತೀಯಾ?" ವಯಸ್ಸಾದವರಿಗೆ ಎಲ್ಲವೂ ಜೋರಾಗಿಯೇ ಕೇಳುತ್ತದೆ ಅಂದುಕೊಂಡು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ.

ಪ್ಲಸ್ ಹತ್ತು ಅಂದರೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ಅದು ಸದ್ದಿನ ಅಳತೆಯಾದ ಡೆಸಿಬೆಲ್‌ನ ಲೆಕ್ಕ. 3 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಎರಡು ಪಟ್ಟು ಪವರ್ ಕೊಡಬೇಕು. 10 ಡೆಸಿಬೆಲ್‌ಗೆ ಹತ್ತು ಪಟ್ಟು. 20 ವ್ಯಾಟ್ ಸಾಕಾಗುತ್ತಿದ್ದ ದೃಶ್ಯಕ್ಕೆ 200 ವ್ಯಾಟ್ ಬೇಕು. ನನ್ನ ಸಬ್‌ನಲ್ಲಿದ್ದದ್ದೇ 150. ಅದರ ಮೇಲೆ ಬೂಸ್ಟ್ ಬೇರೆ. ಇಲ್ಲದ ಪವರ್ ಕೇಳಿದರೆ ಆಂಪ್ಲಿಫೈಯರ್ ಸದ್ದಿನ ಅಲೆಯ ತಲೆಯನ್ನೇ ಕತ್ತರಿಸಿ ಕಳಿಸುತ್ತದೆ. ಸ್ಪೀಕರ್ ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಕಾಯುತ್ತಾ ಹೋಗುತ್ತದೆ. ನನ್ನದು ಪೋರ್ಟ್ (ಗಾಳಿ ಹೋಗಿಬರುವ ತೂತು) ಇರುವ ಪೆಟ್ಟಿಗೆ. ಅಂಥದ್ದರಲ್ಲಿ ಪೋರ್ಟ್‌ನ ಮಿತಿಗಿಂತ ಕೆಳಗಿನ ಸದ್ದು ಬಂದರೆ ಕೋನ್‌ಗೆ (ಸ್ಪೀಕರ್‌ನ ಮುಂದೆ ಅಲುಗಾಡುವ ಹಾಳೆಗೆ) ಹಿಡಿತವೇ ಇರುವುದಿಲ್ಲ, ಸುಮ್ನೆ ಮುಂದಕ್ಕೂ ಹಿಂದಕ್ಕೂ ಒದ್ದಾಡುತ್ತದೆ. ಕೊನೆಯ ವಾರ 'ಟಕ್ ಟಕ್' ಅಂತ ಸದ್ದು ಬರುತ್ತಿತ್ತು. ಸಿನಿಮಾದ್ದೇ ಇರಬೇಕು ಅಂದುಕೊಂಡೆ! ನಿಮ್ಮ ಸಬ್ ಆ ಸದ್ದು ಮಾಡಿದರೆ ತಕ್ಷಣ ವಾಲ್ಯೂಮ್ ಇಳಿಸಿ. ಕಾಯಿಲ್ ಹಿಂದೆ ಹೋಗಿ ಬಡಿಯುತ್ತಿದೆ ಅಂತ ಅರ್ಥ.

ಸರ್ವಿಸ್ ಸೆಂಟರ್‌ನವರು ಬಿಚ್ಚಿ ನೋಡಿ, ಕಪ್ಪಾದ ಕಾಯಿಲ್ ತೋರಿಸಿ, "ಓವರ್‌ಲೋಡ್ ಸರ್, ವಾರಂಟಿ ಬರಲ್ಲ" ಅಂದರು. ಅಂಗಡಿಯವನಿಗೆ "ನೀವೇ ಹೇಳಿದ್ದಲ್ವಾ?" ಅಂದರೆ, "ಫುಲ್ ಇಡಿ ಅಂದ್ರೆ ಯಾವಾಗ್ಲೂ ಫುಲ್ ಇಡೋದಾ ಸರ್?" ಅಂದ. ಬರಹದಲ್ಲಿ ಏನೂ ಇರಲಿಲ್ಲ. ಹಾಗಾಗಿ ಅಂಗಡಿಯವರು ಏನೇ ಸೆಟ್ಟಿಂಗ್ ಹೇಳಲಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ನಮ್ಮ ಏರಿಯಾದ ಸ್ಪೀಕರ್ ರಿಪೇರಿಯವರ ಹತ್ತಿರ ಹೊಸ ಕಾಯಿಲ್, ಹೊಸ ಕೋನ್ ಹಾಕಿಸಿದೆ. 3,200 ರೂಪಾಯಿ. ತಂದು ಹಾಕಿದರೆ ಬೇಸ್ ಮೊದಲಿಗಿಂತ ಕಮ್ಮಿ! ಸಬ್‌ನ ಹಿಂದೆ 0, 180 ಅಂತ ಒಂದು ಫೇಸ್ ಸ್ವಿಚ್ ಇರುತ್ತದೆ. ಏನಾಗುತ್ತೋ ನೋಡೋಣ ಅಂತ 180ಕ್ಕೆ ತಿರುಗಿಸಿದೆ. ಸದ್ದು ತುಂಬಿಕೊಂಡಿತು. ಅನುಮಾನ ಬಂದು ವಾಪಸ್ ಒಯ್ದೆ. ರಿಪೇರಿಯವರು ಡ್ರೈವರ್ (ಪೆಟ್ಟಿಗೆಯೊಳಗಿನ ಸ್ಪೀಕರ್) ಬಿಚ್ಚಿ, ಎರಡು ವೈರ್‌ಗೆ 1.5 ವೋಲ್ಟಿನ ಟಾರ್ಚ್ ಸೆಲ್ ಮುಟ್ಟಿಸಿದರು. ಪ್ಲಸ್‌ಗೆ ಪ್ಲಸ್ ಮುಟ್ಟಿಸಿದಾಗ ಕೋನ್ ಮುಂದೆ ಬರಬೇಕು. ಇದು ಒಳಗೆ ಹೋಯಿತು. ವೈರ್ ಅದಲುಬದಲಾಗಿತ್ತು. ಮುಂದಿನ ಸ್ಪೀಕರ್‌ಗಳು ಗಾಳಿಯನ್ನು ತಳ್ಳುವಾಗ ಸಬ್ ಎಳೆದುಕೊಳ್ಳುತ್ತಿತ್ತು. ಎರಡೂ ಸೇರುವ ಜಾಗದಲ್ಲಿ ಸದ್ದು ಒಂದನ್ನೊಂದು ನುಂಗಿಹಾಕುತ್ತಿತ್ತು. ಪಾಪ, ಅವರು ನಕ್ಕು, ಸರಿ ಮಾಡಿ, ದುಡ್ಡು ತೆಗೆದುಕೊಳ್ಳಲಿಲ್ಲ.

ಅಷ್ಟಾದರೂ ಮೂಲ ರೋಗ ಹಾಗೇ ಇತ್ತು. ಒಂದು ಭಾನುವಾರ ಸಿನಿಮಾ ಓಡುತ್ತಿರುವಾಗಲೇ ನೀರು ಕುಡಿಯಲು ಎದ್ದು ಊಟದ ಟೇಬಲ್ ಹತ್ತಿರ ಹೋದೆ. ಹಿಂದಿನ ಗೋಡೆ ಮುಟ್ಟುವಷ್ಟರಲ್ಲಿ ಹೊಟ್ಟೆ ನಡುಗುವಂಥ ಬೇಸ್! ಎರಡು ಹೆಜ್ಜೆ ಸೋಫಾ ಕಡೆ ಬಂದೆ, ಕಮ್ಮಿಯಾಯಿತು. ಸೋಫಾದಲ್ಲಿ ಕೂತೆ, ಮಾಯ. ಅಮ್ಮ ಐದು ತಿಂಗಳಿಂದ ಹೇಳುತ್ತಿದ್ದದ್ದು ಇದನ್ನೇ.

ಆಮೇಲೆ ಕೂತು ಲೆಕ್ಕ ಹಾಕಿದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನಮ್ಮ ಹಾಲ್ ಉದ್ದ 4.57 ಮೀಟರ್. 343 ಅನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 37 ಹರ್ಟ್ಜ್ ಚಿಲ್ಲರೆ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಸದ್ದು. ಸರಿಯಾಗಿ ಸ್ಫೋಟ, ಗುಡುಗು ಇರುವ ಜಾಗ. ಆ ಹರ್ಟ್ಜ್‌ನಲ್ಲಿ ಸದ್ದು ಎರಡು ಗೋಡೆಗಳ ನಡುವೆ ಹೋಗಿ ಬಂದು ತುದಿಗಳಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ನಡುವೆ ಸಾಯುತ್ತದೆ. ಅಗಲಕ್ಕೂ ಇದೇ ಲೆಕ್ಕ: 11 ಅಡಿಗೆ 51 ಹರ್ಟ್ಜ್. ನನ್ನ ಸೋಫಾ ಉದ್ದಕ್ಕೂ ನಡುವೆ, ಅಗಲಕ್ಕೂ ನಡುವೆ. ಇಡೀ ಹಾಲ್‌ನಲ್ಲಿ ಹುಡುಕಿದರೂ ಬೇಸ್‌ಗೆ ಇದಕ್ಕಿಂತ ಕೆಟ್ಟ ಜಾಗ ಸಿಗುತ್ತಿರಲಿಲ್ಲ. ಅಲ್ಲಿ ಕೂತು ಗೇನ್ ಏರಿಸುವುದು ತೂತು ಮಡಕೆಗೆ ನೀರು ಹುಯ್ದ ಹಾಗೆ. ಎಷ್ಟು ಏರಿಸಿದರೂ ಗೋಡೆಯಿಂದ ವಾಪಸ್ ಬಂದು ಅಳಿಸುವ ಸದ್ದೂ ಅಷ್ಟೇ ಏರುತ್ತದೆ.

ಸೋಫಾವನ್ನು ಎರಡೂವರೆ ಅಡಿ ಹಿಂದಕ್ಕೆ ಎಳೆದೆ, ಟಿವಿಯಿಂದ 10 ಅಡಿಗೆ. ಖರ್ಚು ಸೊನ್ನೆ. ಅಷ್ಟಕ್ಕೇ ಅರ್ಧ ಬೇಸ್ ವಾಪಸ್ ಬಂತು. ಊಟದ ಕುರ್ಚಿ ಎಳೆದು ಕೂರಲು ಈಗ ಸ್ವಲ್ಪ ಇಕ್ಕಟ್ಟು, ಆ ಜಗಳ ಬೇರೆ.

ಆಮೇಲೆ ಸಬ್‌ಗೆ ಜಾಗ ಹುಡುಕಿದೆ. ಸಬ್ ಅನ್ನೇ ಎತ್ತಿ ಸೋಫಾ ಮೇಲೆ, ನಾನು ಕೂರುವ ಜಾಗದಲ್ಲಿ ಇಟ್ಟೆ. ಸಿನಿಮಾದ ಬೇಸ್ ಇರುವ ಒಂದೇ ದೃಶ್ಯವನ್ನು ಮತ್ತೆ ಮತ್ತೆ ಹಾಕಿ, ಕಿವಿ ನೆಲದ ಹತ್ತಿರ ಇಟ್ಟುಕೊಂಡು ಹಾಲ್ ತುಂಬಾ ಅಂಬೆಗಾಲಿಟ್ಟೆ. ಎಲ್ಲಿ ಬೇಸ್ ತುಂಬಿಯೂ ಸ್ಪಷ್ಟವಾಗಿಯೂ ಕೇಳುತ್ತದೋ ಅಲ್ಲಿ ಸಬ್ ಇಟ್ಟರೆ ಸೋಫಾದಲ್ಲೂ ಹಾಗೇ ಕೇಳುತ್ತದೆ. ಎಲ್ಲಕ್ಕಿಂತ ಒಳ್ಳೆಯ ಜಾಗ ದೇವರಮನೆ ಬಾಗಿಲ ಮುಂದೆ ಸಿಕ್ಕಿತು. ಅಮ್ಮ ನನ್ನನ್ನು ನೋಡಿದ ನೋಟಕ್ಕೇ ಅದನ್ನು ಬಿಟ್ಟೆ. ಎರಡನೆಯದು ಟಿವಿ ಸ್ಟ್ಯಾಂಡ್ ಪಕ್ಕ, ಗೋಡೆಯ ನಡುಭಾಗದ ಹತ್ತಿರ. ಈಗ ಅಲ್ಲೇ ಇದೆ. ಮೂಲೆಯಲ್ಲಿಟ್ಟರೆ ಸದ್ದು ಜಾಸ್ತಿ ಅನ್ನುವುದು ನಿಜವೇ, ಆದರೆ ಕೋಣೆಯ ಎಲ್ಲ ಗುಂಯ್‌ಗುಡುವಿಕೆಯೂ ಅಲ್ಲಿಂದ ಒಟ್ಟಿಗೆ ಏಳುತ್ತದೆ.

ಆ ಹುಡುಗ ಹಾಕಿಹೋಗಿದ್ದ ಸೆಟ್ಟಿಂಗ್‌ಗಳನ್ನೂ ನೋಡಿದೆ. ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಅಂತ ಹಾಕಿದ್ದ, ಅಂದರೆ ಬೇಸನ್ನೂ ಅವೇ ನುಡಿಸಲಿ ಅಂತ. ಹಾಡು ಕೇಳುವಾಗ ಸಬ್‌ಗೆ ಏನೂ ಹೋಗುತ್ತಲೇ ಇರಲಿಲ್ಲ. 'ಸ್ಮಾಲ್' ಮಾಡಿ ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಟ್ಟೆ, ಅಂದರೆ ಅದಕ್ಕಿಂತ ಕೆಳಗಿನ ಸದ್ದು ಸಬ್‌ಗೆ. ಸಬ್ ಹಿಂದಿನ ಕ್ರಾಸ್‌ಓವರ್ ಗುಂಡಿ 60ರಲ್ಲಿತ್ತು. ಅಂದರೆ ರಿಸೀವರ್ ಸೋಸಿದ್ದನ್ನು ಸಬ್ ಇನ್ನೊಮ್ಮೆ ಸೋಸುತ್ತಿತ್ತು. ಅದನ್ನು ಮೇಲಿನ ಕೊನೆಯವರೆಗೂ ತಿರುಗಿಸಿದೆ. ರಿಸೀವರ್‌ನ ಸಬ್ ಲೆವೆಲ್ ಈಗ ಮೈನಸ್ 2, ಗೇನ್ ಅರ್ಧಕ್ಕಿಂತ ಕಮ್ಮಿ. ಬೂಸ್ಟ್ ಆಫ್.

ಈ ನಡುವೆ ಗೆಳೆಯನೊಬ್ಬ ಇನ್ನೊಂದು ಸಬ್ ತಂದು ಪಕ್ಕದಲ್ಲೇ ಇಡು ಅಂದ. ಪಕ್ಕಪಕ್ಕ ಇಟ್ಟರೆ 6 ಡೆಸಿಬೆಲ್‌ವರೆಗೆ ಜಾಸ್ತಿ ಸಿಗುತ್ತದೆ, ಆದರೆ ಸೋಫಾದ ಹತ್ತಿರ ಬೇಸ್ ಸಾಯುವುದು ತಪ್ಪುವುದಿಲ್ಲ. ಸ್ಪೀಕರ್ ಮಾಡುವ ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲೇ ಇದರ ಲೆಕ್ಕ ತೋರಿಸಿದ್ದಾರೆ: ಎರಡು ಸಬ್ ಇದ್ದರೆ ಎದುರುಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದು ಇಟ್ಟಾಗ ಬೇಸ್ ಎಲ್ಲ ಸೀಟುಗಳಿಗೂ ಹೆಚ್ಚು ಸಮನಾಗಿ ಹಂಚಿಕೊಳ್ಳುತ್ತದೆ. ದುಡ್ಡಿದ್ದವರು ಮಾಡಬಹುದು. ನನ್ನ ದುಡ್ಡು ಸದ್ಯಕ್ಕೆ ರಿಪೇರಿಗೇ ಹೋಗಿದೆ.

ಕೆಳಗಿನ ಮನೆಯವರ ವಿಷಯ ಮರೆತಿದ್ದೆ. ನನಗೆ ಕೇಳದ ಬೇಸ್ ಅವರ ಮನೆಯ ಫ್ಯಾನ್ ಅಲ್ಲಾಡಿಸುತ್ತಿತ್ತಂತೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ ಅಂತ ಅಸೋಸಿಯೇಷನ್ ಗ್ರೂಪಿನಲ್ಲಿ ಹಾಕಿದ್ದು ಅವರೇ. ಮೊನ್ನೆ ಲಿಫ್ಟ್‌ನಲ್ಲಿ ಸಿಕ್ಕಾಗ ಕೇಳಿದರು: "ಏನಪ್ಪಾ, ಆ ಡಬ್ಬ ಮಾರಿಬಿಟ್ಟೆಯಾ? ಸದ್ದೇ ಇಲ್ಲ?" ಹಿಂದಿನ ರಾತ್ರಿಯಷ್ಟೇ ನಾನು ಎರಡೂವರೆ ಗಂಟೆಯ ಯುದ್ಧದ ಸಿನಿಮಾ ಪೂರ್ತಿ ನೋಡಿದ್ದೆ.