ಕಾರವಾರದ ಎಸಿ, ಶಹಾಪುರದ ರಿಪೇರಿ

ಬೆಳಗಾವಿ ಶಹಾಪುರದಲ್ಲಿ ಸೀರೆ ಅಂಗಡಿಗಳನ್ನು ದಾಟಿದರೆ, ಒಂದು ಗಲ್ಲಿಯಲ್ಲಿ ಫ್ರಿಜ್-ಎಸಿ ರಿಪೇರಿ ಅಂಗಡಿ ಇದೆ. ಬೋರ್ಡ್ ಮಾಸಿದೆ, ಕೂರೋಕೆ ಇರೋದು ಒಂದೇ ಸ್ಟೂಲು. ಕೆಲಸ ಮಾತ್ರ ಚೊಕ್ಕ.

ನಮ್ಮದು ಒಂದೂವರೆ ಟನ್‌ನ ವಿಂಡೋ ಎಸಿ. ಕಾರವಾರದಲ್ಲಿ ಸಮುದ್ರದ ಕಡೆ ಮುಖ ಮಾಡಿದ್ದ ಮನೆಯಲ್ಲಿ ನಮ್ಮ ಮೈದುನ ಬಳಸುತ್ತಿದ್ದ. ವರ್ಗ ಆದಾಗ ನಮಗೆ ಕೊಟ್ಟ. ಈ ಬೇಸಿಗೆಯಲ್ಲಿ ತಂಪೇ ಇಲ್ಲ. ಮೊದಲು ಬಂದ ಮೆಕ್ಯಾನಿಕ್ ಏನೂ ಬಿಚ್ಚಿ ನೋಡದೆ ಗ್ಯಾಸ್ ತುಂಬಿ ದುಡ್ಡು ತಗೊಂಡು ಹೋದ. ಅದು ತಿಂಗಳೂ ಬಾಳಲಿಲ್ಲ.

ಶಹಾಪುರದವರು ಗ್ಯಾಸಿನ ಮಾತೇ ಎತ್ತಲಿಲ್ಲ. ಕವಚ ಬಿಚ್ಚಿ, ಟಾರ್ಚ್ ಹಿಡಿದು ಹಿಂದಿನ ಕಾಯಿಲ್, ಅಂದರೆ ಬಿಸಿ ಹೊರಹಾಕುವ ಪೈಪಿನ ಸುರುಳಿ, ತೋರಿಸಿದರು. ಬೆರಳು ತಾಗಿದರೆ ಸಾಕು, ಅದರ ಮೇಲಿನ ತೆಳು ಅಲ್ಯೂಮಿನಿಯಂ ಪಟ್ಟಿಗಳು (ಫಿನ್) ಬಿಳಿ ಪುಡಿಯಾಗಿ ಉದುರುತ್ತಿತ್ತು. ತಳದ ತಗಡು ಹಪ್ಪಳದ ಹಾಗೆ ಎದ್ದಿತ್ತು.

"ಇದು ಸಮುದ್ರದ ಗಾಳಿ ಮಾಡಿದ್ದರಿ ಅಕ್ಕಾರ. ಉಪ್ಪು ಇನ್ನೂ ಒಳಗ ಕುಂತೈತಿ" ಅಂದರು.

ತಾಮ್ರದ ಪೈಪಿಗೆ ಫಿನ್ ಕೂಡುವ ಜಾಗದಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆಯಂತೆ. ಊರು ಬಿಟ್ಟು ಬಂದರೂ ಆ ಉಪ್ಪು ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಬೆಳಗಾವಿ ಮಳೆಗಾಲದಲ್ಲಿ ತೇವಕ್ಕೇನು ಬರ, ಅಲ್ವಾ?

ನೈಟ್ರೋಜನ್ ತುಂಬಿ, ಸೋಪಿನ ನೀರು ಹಚ್ಚಿ ಸೋರಿಕೆ ಹುಡುಕಿದರು. ಕೆಳಗಿನ ಬಾಗಿದ ಪೈಪಿನಲ್ಲಿ ಎಣ್ಣೆ ಕಲೆ ಇತ್ತು, ಗುಳ್ಳೆ ಎದ್ದದ್ದೂ ಅಲ್ಲೇ. ಬೆಸುಗೆ ಹಾಕಿದ ಮೇಲೇ ಗ್ಯಾಸ್. ಕಾಯಿಲ್‌ಗೆ ಆಸಿಡ್ ಮುಟ್ಟಿಸಲಿಲ್ಲ, ಜೋರಾದ ಪಂಪೂ ಬೇಡ ಅಂದರು. ಮೆತ್ತನೆ ಬ್ರಷ್, ಸಿಹಿನೀರು, ಅಷ್ಟೇ. ತಳಕ್ಕೆ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಿಂದ ತಗಡು ಕತ್ತರಿಸಿ ತಂದು ಕೂರಿಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದರು.

ನಮ್ಮ ಯಜಮಾನರು "ತಳಕ್ಕೊಂದು ತೂತು ಹೊಡೀರಿ, ನೀರು ಹೋಗ್ಲಿ" ಅಂದರು. ಅಂಗಡಿಯವರು ಒಪ್ಪಲೇ ಇಲ್ಲ. ನಮ್ಮ ಎಸಿಯಲ್ಲಿ ಫ್ಯಾನಿನ ಅಂಚಿಗೊಂದು ರಿಂಗ್ ಇದೆ. ಅದು ತಳದ ನೀರನ್ನು ಎತ್ತಿ ಬಿಸಿ ಕಾಯಿಲ್ ಮೇಲೆ ಚಿಮ್ಮಿಸುತ್ತದೆ. ತೂತು ಹೊಡೆದರೆ ಆ ತಂಪೂ ಹೋಯಿತು. ಜಾಸ್ತಿ ನೀರು ಹೋಗುವ ದಾರಿ ಮೊದಲೇ ಇತ್ತು, ಕಸ ಕಟ್ಟಿತ್ತು. ಕಸ ತೆಗೆದು, ಕೂರಿಸುವಾಗ ಎಸಿಯನ್ನು ಹಿಂದಕ್ಕೆ ಚೂರು ವಾಲಿಸಿದರು.

ಬೇಜಾರೂ ಇದೆ. ನಾಳೆ ನಾಳೆ ಅಂತ ವಾರ ದಾಟಿಸಿದರು, ಫೋನ್ ಎತ್ತುವುದಿಲ್ಲ. ಬಿಲ್ ಕೇಳಿದ ಮೇಲೇ ಬರೆದರು. ರೆಡ್ ಆಕ್ಸೈಡ್ ಮೇಲೆ ಬಣ್ಣ ಹಚ್ಚದೆ ಬಿಟ್ಟಿದ್ದಾರೆ, ಬೀದಿಯಿಂದ ನೋಡಿದರೆ ಕೆಂಪು ತಳ ಎದ್ದು ಕಾಣುತ್ತದೆ.

ಕಾರವಾರ, ಗೋವಾ ಕಡೆ ಇರುವವರಿಗೆ ಅವರು ಹೇಳಿದ್ದು: ಕರೆಂಟ್ ತೆಗೆದು, ತಿಂಗಳಿಗೊಮ್ಮೆಯಾದರೂ ಹಿಂಭಾಗದ ಕಾಯಿಲ್‌ಗೆ ಸಿಹಿನೀರು ಹನಿಸಿ ತೊಳೆಯಿರಿ. ವೈರಿಂಗ್ ಕಡೆ ನೀರು ಬೇಡ. ಒಳಗೆ ಕೈ ಹಾಕಬೇಡಿ, ಸ್ವಿಚ್ ತೆಗೆದರೂ ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪ್ಯಾಸಿಟರ್ ಶಾಕ್ ಹೊಡೆಯಬಹುದು. ಹೊಸದು ಕೊಳ್ಳುವುದಾದರೆ ಫಿನ್‌ಗೆ ನೀಲಿ ಲೇಪನ ಇರುವುದನ್ನು ನೋಡಿ. ಅದರಿಂದ ಸವಕಳಿ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿದರೆ ತೇವ ಒಳಗೇ ಉಳಿದು ತುಕ್ಕು ಜಾಸ್ತಿಯೇ ಆಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ಬಿಸಿಲು ಏರುವ ಮುಂಚೆ ಹೋಗಿ, ಮಾರ್ಚ್ ಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಸಿ ಇಳಿಸಲು ಜೊತೆಗೊಬ್ಬರು ಗಟ್ಟಿ ಆಳು ಇರಲಿ.