ಅಪ್ಪ ಅಮ್ಮನ ಜೊತೆ ಕ್ಯಾರವಾನ್‌ನಲ್ಲಿ ಔಟ್‌ಬ್ಯಾಕ್‌ಗೆ ಹೊರಡುವ ಮುಂಚೆ ಇದನ್ನು ಓದಿ

ಊರಿನಿಂದ ಬಂದಿದ್ದ ಅಪ್ಪ ಅಮ್ಮನಿಗೆ ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನಲ್ಲಿ, ಅಂದರೆ ಜನವಿರಳ ಒಳನಾಡಿನಲ್ಲಿ, ಇರುವ ಉಲುರು ಅನ್ನುವ ದೊಡ್ಡ ಕೆಂಪು ಬಂಡೆ ತೋರಿಸಬೇಕು ಅಂತ ಕಳೆದ ಜುಲೈ ರಜೆಯಲ್ಲಿ ಅಡಿಲೇಡ್‌ನಿಂದ ಹೊರಟಿದ್ದೆವು. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ಅಪ್ಪ, ಅಮ್ಮ. ನಮ್ಮದೇ ಫೋರ್‌ವೀಲ್ ಗಾಡಿ, ಹಿಂದೆ ಕಟ್ಟಿ ಎಳೆಯಲು ಬಾಡಿಗೆಗೆ ತಂದ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಮೂರು ತಿಂಗಳಿಂದ ಪ್ಲಾನ್ ಮಾಡಿದ್ದೆವು. ಆದರೂ ಮೂರನೇ ದಿನ ಊಡ್ನದತ್ತಾ ಟ್ರ್ಯಾಕ್ ಅನ್ನುವ ಮಣ್ಣು ರಸ್ತೆ ಮೇಲೆ ಕುಡಿಯೋ ನೀರಿಲ್ಲದೆ ನಿಂತೆವು. ಈ ರಜೆಗೆ ಹೊರಡುವವರು ಯಾರೂ ಹಾಗೆ ನಿಲ್ಲಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಆ ದಾರಿ ಆರಿಸಿದ್ದು ಅಪ್ಪನಿಗೋಸ್ಕರ. ಅವರು ರೈಲ್ವೆಯಲ್ಲಿ ಇದ್ದವರು. ಮರ್ರೀಯಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಮಣ್ಣು ರಸ್ತೆ. ಬಹಳಷ್ಟು ದೂರ 1980ರಲ್ಲಿ ನಿಂತುಹೋದ ಹಳೇ ಘಾನ್ ರೈಲಿನ ಜಾಡಿನ ಪಕ್ಕದಲ್ಲೇ ಹೋಗುತ್ತದೆ. ಮರ್ರೀಯಲ್ಲಿ ಗೇಜ್, ಅಂದರೆ ಹಳಿಗಳ ನಡುವಿನ ಅಗಲ, ಬದಲಾಗುತ್ತಿತ್ತು, ಜನ ಇಳಿದು ಬೇರೆ ರೈಲು ಹತ್ತಬೇಕಿತ್ತು. ಅರಸೀಕೆರೆಯ ಮೀಟರ್ ಗೇಜ್ ಕಾಲ ಕಂಡ ಅಪ್ಪ ಅಲ್ಲಿ ನಿಂತು ಮೊಮ್ಮಗಳಿಗೆ ಎಲ್ಲಾ ವಿವರಿಸಿದರು. ಆ ಅರ್ಧ ಗಂಟೆ ಮಾತ್ರ ನಾವು ಅಂದುಕೊಂಡ ಹಾಗೇ ಇತ್ತು.

ಮರ್ರೀಯಿಂದ ಮುಂದಿನ ಊರು ವಿಲಿಯಂ ಕ್ರೀಕ್‌ಗೆ 200 ಕಿಲೋಮೀಟರ್. ಬೆಂಗಳೂರಿನಿಂದ ಹಾಸನಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ ತಾನೇ ಅಂದುಕೊಂಡೆವು. ಹಾಸನದ ದಾರಿಯಲ್ಲಿ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ ಸಿಗುತ್ತವೆ. ಇಲ್ಲಿ ಆ 200 ಕಿಲೋಮೀಟರ್‌ನಲ್ಲಿ ಒಂದು ಬಂಕ್ ಇಲ್ಲ, ಪಂಕ್ಚರ್ ಅಂಗಡಿ ಇಲ್ಲ. ಫೋನ್ ಸಿಗ್ನಲ್ ಮರ್ರೀ ದಾಟಿದ ಸ್ವಲ್ಪ ಹೊತ್ತಿಗೇ ಹೋಯಿತು.

ರಸ್ತೆ ತಗಡಿನ ಶೀಟಿನ ಹಾಗೆ ಅಲೆ ಅಲೆಯಾಗಿತ್ತು, ಮೇಲೆ ಚೂಪು ಕಲ್ಲು. ನಾವು ಟೈರ್‌ಗೆ ಡಾಂಬರು ರಸ್ತೆಗೆ ಹಾಕಿದ ಗಾಳಿಯನ್ನೇ ಬಿಟ್ಟಿದ್ದೆವು. ಮಣ್ಣು ರಸ್ತೆಗೆ ಗಾಳಿ ಇಳಿಸಬೇಕು, ವೇಗವನ್ನೂ ಇಳಿಸಬೇಕು. ಓದಿ ಗೊತ್ತಿತ್ತು. ಸಂಜೆಯೊಳಗೆ ತಲುಪೋಣ ಅಂತ ಅವಸರ ಮಾಡಿದೆವು.

ಲೇಕ್ ಐರ್ ಅನ್ನುವ ಉಪ್ಪಿನ ಸರೋವರದ ದಕ್ಷಿಣ ಭಾಗ ಕಾಣುವ ಜಾಗ ದಾಟಿದ ಮೇಲೆ ಕ್ಯಾರವಾನ್‌ನ ಎಡ ಟೈರ್ ಒಡೆಯಿತು. ಹಿಂದೆ ಎಳೆದುಕೊಂಡು ಬರುವ ಗಾಡಿಯ ಟೈರ್ ಒಡೆದರೆ ಮುಂದೆ ಕೂತವರಿಗೆ ತಕ್ಷಣ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಟೈರ್ ಚೂರುಚೂರಾಗಿ ಕೆಳಗಿನ ನೀರಿನ ಪೈಪನ್ನೇ ಕಿತ್ತುಹಾಕಿತ್ತು. ಸ್ಟೆಪ್ನಿ ಹಾಕಿದೆವು. ಟ್ಯಾಂಕ್ ಕಡೆ ಯಾರೂ ನೋಡಲಿಲ್ಲ. ಇಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಬಲಗಡೆಯದೂ ಒಡೆದು ಕ್ಯಾರವಾನ್ ರಸ್ತೆ ಅಂಚಿನ ಸಡಿಲ ಮಣ್ಣಿಗೆ ವಾಲಿತು. ಕಾರಿನ ಸ್ಟೆಪ್ನಿ ಇತ್ತು, ಆದರೆ ಕ್ಯಾರವಾನ್ ಚಕ್ರದ ಬೋಲ್ಟ್‌ಗಳ ಅಳತೆಯೇ ಬೇರೆ. ಜಾಕಿ ಇಟ್ಟರೆ ಮಣ್ಣಿನೊಳಗೆ ಇಳಿಯಿತು. ಕ್ಯಾರವಾನ್ ಬಿಟ್ಟು ಕಾರಿನಲ್ಲಿ ಹೋಗೋಣ ಅಂದರೆ ವಾಲಿದ ಭಾರಕ್ಕೆ ಕೊಂಡಿ ಬಿಗಿದುಕೊಂಡಿತ್ತು, ಬಿಚ್ಚೋಕೆ ಆಗಲಿಲ್ಲ.

ಆಗ ನೀರು ಕುಡಿಯಲು ನಲ್ಲಿ ತಿರುಗಿಸಿದೆ. ಒಂದು ಹನಿ ಬರಲಿಲ್ಲ. ನಮ್ಮ ಐದು ಜನದ ನೀರೆಲ್ಲಾ ಆ ಒಂದೇ ಟ್ಯಾಂಕ್‌ನಲ್ಲಿತ್ತು. ಕಾರಿನಲ್ಲಿ ಉಳಿದಿದ್ದು ಎರಡು ಬಾಟಲಿ.

ಅಪ್ಪನಿಗೆ ಶುಗರ್ ಇದೆ. ಇನ್ಸುಲಿನ್ ಕ್ಯಾರವಾನ್ ಫ್ರಿಜ್‌ನಲ್ಲಿತ್ತು. ಕುಲುಕಾಟಕ್ಕೆ ಫ್ರಿಜ್ ಬಾಗಿಲು ತೆರೆದುಕೊಂಡು, ಮೊಸರಿನ ಡಬ್ಬ ಒಡೆದು, ಔಷಧಿ ಕೆಂಪು ಧೂಳಿನಲ್ಲಿ ಬಿದ್ದಿತ್ತು. ಪುಣ್ಯಕ್ಕೆ ಒಡೆದಿರಲಿಲ್ಲ. ಅಮ್ಮ ಅವಲಕ್ಕಿಗೆ ಇಷ್ಟೇ ಇಷ್ಟು ನೀರು ಚಿಮುಕಿಸಿ ಚಟ್ನಿಪುಡಿ ಕಲಸಿ ಅಪ್ಪನಿಗೆ ಕೊಟ್ಟರು. ತಾವು ಮಾತ್ರ ನೀರು ಮುಟ್ಟಲಿಲ್ಲ. "ನಂಗೆ ಬಾಯಾರಿಕೆ ಇಲ್ಲ ಕಣೇ, ಮಗೂಗೆ ಇಡು" ಅಂದರು. ತುಟಿ ಒಣಗಿ ಬಿಳಿಯಾಗಿತ್ತು. ಅದು ಜುಲೈ, ಇಲ್ಲಿಯ ಚಳಿಗಾಲ. ಅದೇ ಜನವರಿಯ 45 ಡಿಗ್ರಿ ಬಿಸಿಲಾಗಿದ್ದರೆ ಅಂತ ಈಗಲೂ ರಾತ್ರಿ ಎಚ್ಚರವಾಗುತ್ತದೆ.

ಮೂರೂವರೆ ಗಂಟೆ ಕಾದೆವು. ಒಂದೂ ಗಾಡಿ ಬರಲಿಲ್ಲ. ನಡೆದು ಹೋಗಿ ನೋಡುತ್ತೇನೆ ಅಂತ ನನ್ನ ಗಂಡ ಎದ್ದಾಗ ಅಪ್ಪ ಗದರಿ ಕೂರಿಸಿದರು. ಅದೊಂದು ನಾವು ಸರಿಯಾಗಿ ಮಾಡಿದ್ದು. ಔಟ್‌ಬ್ಯಾಕ್‌ನಲ್ಲಿ ಗಾಡಿ ಬಿಟ್ಟು ನಡೆಯಬಾರದು. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಆದರೆ ನಮ್ಮನ್ನು ಹುಡುಕುವವರು ಯಾರು? ಯಾವ ದಾರಿ, ಎಷ್ಟು ಹೊತ್ತಿಗೆ ಎಲ್ಲಿ ತಲುಪುತ್ತೇವೆ ಅಂತ ಒಬ್ಬರಿಗೂ ಹೇಳಿರಲಿಲ್ಲ. ವಾಟ್ಸಾಪ್‌ನಲ್ಲಿ ಹಾಕಿದ್ದು ಮರ್ರೀಯ ಫೋಟೋಗಳು ಮಾತ್ರ.

ಕತ್ತಲಾಗುವ ಮುಂಚೆ ವಯಸ್ಸಾದ ಗಂಡ ಹೆಂಡತಿ ಬಂದರು. ಅವರ ಹತ್ತಿರ ಸ್ಯಾಟಲೈಟ್ ಫೋನ್ ಇತ್ತು, ಜಾಕಿ ಕೆಳಗೆ ಇಡಲು ಹಲಗೆ ಇತ್ತು, ಕ್ಯಾನ್‌ಗಳಲ್ಲಿ ನೀರಿತ್ತು. ಕೊಂಡಿ ಬಿಡಿಸಿಕೊಟ್ಟು, ಕತ್ತಲಲ್ಲಿ ಕಾಂಗರೂ ಅಡ್ಡ ಬರುತ್ತವೆ ಅಂತ ತಾವೇ ನಿಧಾನಕ್ಕೆ ಮುಂದೆ ಹೋಗುತ್ತಾ ನಮ್ಮನ್ನು ವಿಲಿಯಂ ಕ್ರೀಕ್‌ವರೆಗೆ ಕರೆದುಕೊಂಡು ಹೋದರು. ಅಮ್ಮ ಆ ಹೆಂಗಸಿನ ಕೈ ಹಿಡಿದು ಕನ್ನಡದಲ್ಲೇ ಮಾತಾಡಿದರು. ಅವರೂ ತಲೆಯಾಡಿಸುತ್ತಾ ಕೇಳಿದರು.

ಕ್ಯಾರವಾನ್ ಎಳೆಸಿ ತರುವುದಕ್ಕೇ ನಾಲ್ಕು ಸಾವಿರ ಡಾಲರ್ ದಾಟಿತು. ಬಾಡಿಗೆ ಕೊಟ್ಟವರು ಒಪ್ಪಂದದ ಒಂದು ಸಾಲು ತೋರಿಸಿದರು: ಡಾಂಬರು ಇಲ್ಲದ ರಸ್ತೆಗೆ ಹೋದರೆ ಇನ್ಶೂರೆನ್ಸ್ ಇಲ್ಲ. ಬುಕ್ ಮಾಡುವಾಗ ನಮ್ಮ ದಾರಿ ಪೂರ್ತಿ ಹೇಳಿದ್ದೆವು, ಆಗ ಅವರು ತುಟಿ ಬಿಚ್ಚಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಸಹಿ ಹಾಕಿದ್ದು ನಾವು. ಡೆಪಾಸಿಟ್ ಹೋಯಿತು, ರಿಪೇರಿ ಖರ್ಚೂ ನಮ್ಮ ತಲೆಗೇ ಬಂತು. ಅಪ್ಪ ಅಮ್ಮ ಉಲುರು ನೋಡದೆ ಊರಿಗೆ ವಾಪಸ್ ಹೋದರು.

ಮಣ್ಣು ರಸ್ತೆಗೆ ಹೋಗಲೇಬೇಕು ಅನ್ನುವವರು ದಯವಿಟ್ಟು ನೀರನ್ನು ಬೇರೆ ಬೇರೆ ಕ್ಯಾನ್‌ಗಳಲ್ಲಿ, ಅರ್ಧ ಕಾರಿನಲ್ಲಿ ಇಡಿ. ಔಷಧಿ ಯಾವಾಗಲೂ ಕೈಗೆ ಸಿಗುವ ಹಾಗೆ ಕಾರಿನ ತಂಪು ಡಬ್ಬದಲ್ಲಿರಲಿ. ಕ್ಯಾರವಾನ್‌ಗೆ ಎರಡು ಸ್ಟೆಪ್ನಿ ಬೇಕು. 406 ಮೆಗಾಹರ್ಟ್ಸ್‌ನ ತುರ್ತು ಬೀಕನ್, ಅಂದರೆ ಉಪಗ್ರಹದ ಮೂಲಕ ಸಹಾಯ ಕೇಳುವ ಪುಟ್ಟ ಸಾಧನ, ಒಂದು ತೆಗೆದುಕೊಳ್ಳಿ. ಅದರ ನೋಂದಣಿ ಉಚಿತ, ಫೋನ್ ಸಿಗ್ನಲ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಸ್ವಲ್ಪ ಮಳೆ ಬಂದರೂ ಈ ರಸ್ತೆಗಳನ್ನು ಮುಚ್ಚುತ್ತಾರೆ, ಬೆಳಿಗ್ಗೆ ಹೊರಡುವ ಮುಂಚೆ ಅವತ್ತಿನ ರಸ್ತೆ ವರದಿ ನೋಡಿ.

ಅಪ್ಪ ಅಮ್ಮ ಜೊತೆಗಿದ್ದರಂತೂ ಸ್ಟುವರ್ಟ್ ಹೈವೇಯಲ್ಲೇ ಹೋಗಿ. ಪೋರ್ಟ್ ಆಗಸ್ಟಾದಿಂದ ಉಲುರುವರೆಗೆ ಪೂರ್ತಿ ಡಾಂಬರು. ಗ್ಲೆಂಡಾಂಬೊ ಮತ್ತು ಕೂಬರ್ ಪೀಡಿ ನಡುವೆ ಸುಮಾರು 250 ಕಿಲೋಮೀಟರ್ ಬಂಕ್ ಇಲ್ಲ, ಅಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.