ಅಭ್ಯಂಗ, ಡೀಪ್ ಟಿಶ್ಯೂ, ಥಾಯ್: ಕುತ್ತಿಗೆ ನೋವಿಗೆ ಮಸಾಜ್ ಮಾಡಿಸಿಕೊಂಡ ಅನುಭವ

ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ, ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಕುತ್ತಿಗೆ, ಹೆಗಲು ಹಿಡಿದುಕೊಳ್ಳದೆ ಇರುತ್ತದೆಯೇ? ಕೆಲವು ವರ್ಷಗಳಿಂದ ಜಯನಗರದ ಒಂದು ಸಣ್ಣ ಆಯುರ್ವೇದ ಕೇಂದ್ರಕ್ಕೆ ಹೋಗುತ್ತಿದ್ದೇನೆ. ನಡುನಡುವೆ ಬೇರೆ ಸ್ಪಾಗಳಲ್ಲಿ ಬೇರೆ ಬಗೆಯ ಮಸಾಜ್‌ಗಳನ್ನೂ ಮಾಡಿಸಿಕೊಂಡಿದ್ದೇನೆ.

ನನಗೆ ಹೆಚ್ಚು ಹಿಡಿಸಿದ್ದು ಅಭ್ಯಂಗ. ದ್ರೋಣಿ ಎಂಬ ಮರದ ಮೇಜಿನ ಮೇಲೆ ಮಲಗಿಸಿ, ಬೆಚ್ಚಗಿನ ತೈಲ ಹಚ್ಚುತ್ತಾರೆ. ನನಗೆ ಬಳಸುವುದು ಎಳ್ಳೆಣ್ಣೆಯಲ್ಲಿ ಗಿಡಮೂಲಿಕೆ ಹಾಕಿ ಕಾಯಿಸಿದ ಮಹಾನಾರಾಯಣ ತೈಲ. ಇಬ್ಬರು ಎರಡೂ ಬದಿ ನಿಂತು ಒಂದೇ ಲಯದಲ್ಲಿ ತಿಕ್ಕುತ್ತಾರೆ. ಕೈಕಾಲಿಗೆ ಉದ್ದುದ್ದ, ಮೊಣಕಾಲು, ಹೆಗಲಿನ ಕೀಲಿಗೆ ಸುತ್ತಿ ಸುತ್ತಿ. ಆಮೇಲೆ ಉಗಿ ಪೆಟ್ಟಿಗೆ, ತಲೆ ಮಾತ್ರ ಹೊರಗೆ. ನರಕ ಚತುರ್ದಶಿಯ ದಿನ ಅಜ್ಜಿ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದ ಮೇಲೆ ಬರುತ್ತಿತ್ತಲ್ಲ, ಅಂಥ ನಿದ್ದೆ ಬರುತ್ತದೆ. ಒಂದು ಸಲಕ್ಕೆ ಸುಮಾರು 1,500 ರೂಪಾಯಿ.

ಆದರೆ ಹೆಗಲಿನಲ್ಲಿ ಗಂಟು ಕಟ್ಟಿದಂತಿದ್ದರೆ ಅಭ್ಯಂಗ ಸಾಲುವುದಿಲ್ಲ. ಆಗ ಡೀಪ್ ಟಿಶ್ಯೂ ಒಳ್ಳೆಯದು. ಬೆರಳಿನ ಗೆಣ್ಣು, ಮೊಣಕೈ ಊರಿ ನಿಧಾನವಾಗಿ ಒತ್ತುತ್ತಾರೆ. ಮರುದಿನ ಮೈಕೈ ನೋವು ಇರಬಹುದು. ತಡೆಯಲಾಗದಷ್ಟು ನೋವಾದರೆ ಅಲ್ಲೇ ಹೇಳಿಬಿಡಿ, ಹಲ್ಲು ಕಚ್ಚಿಕೊಂಡು ಸುಮ್ನೆ ಮಲಗಬೇಡಿ. ಹೊಸಬರು ಸ್ವೀಡಿಷ್ ಮಸಾಜ್‌ನಿಂದ ಶುರು ಮಾಡಬಹುದು, ಅದು ಹಗುರ. ಥಾಯ್ ಪದ್ಧತಿಯೇ ಬೇರೆ: ಎಣ್ಣೆ ಇಲ್ಲ, ಸಡಿಲ ಬಟ್ಟೆ ಹಾಕಿಕೊಂಡೇ ಚಾಪೆಯ ಮೇಲೆ ಮಲಗಬೇಕು. ಕೈ, ಮೊಣಕೈ, ಮಂಡಿ, ಪಾದ ಎಲ್ಲ ಬಳಸಿ ಒತ್ತಿ ಎಳೆಯುತ್ತಾರೆ. 2019ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಕೂತು ಕೂತು ಬಿಗಿದ ತೊಡೆಗೆ, ಸೊಂಟಕ್ಕೆ ಬಹಳ ಹಿತ. ಡಿಸ್ಕ್ ತೊಂದರೆ, ಮೂಳೆ ಸವೆತ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಹೋಗಬಾರದು.

ಮಸಾಜ್‌ನಿಂದ ಸ್ನಾಯು ಸಡಿಲವಾಗುತ್ತದೆ, ಮನಸ್ಸು ಹಗುರಾಗುತ್ತದೆ. ದೇಹದ ವಿಷವೆಲ್ಲ ಹೊರಹೋಗುತ್ತದೆ, ಬೊಜ್ಜು ಕರಗುತ್ತದೆ ಎಂಬ ಬೋರ್ಡುಗಳನ್ನು ನಂಬಬೇಡಿ. ಬೇಡದ್ದನ್ನು ಹೊರಹಾಕಲು ಲಿವರ್, ಕಿಡ್ನಿ ಇವೆ ಅಲ್ವಾ? ನೋವಿಗೂ ಇದು ಶಾಶ್ವತ ಪರಿಹಾರವಲ್ಲ. ನನಗೆ ಕೆಲವು ದಿನ ಆರಾಮ ಸಿಗುತ್ತದೆ. ಅದನ್ನು ಉಳಿಸಿಕೊಡುವುದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ.

ಇಷ್ಟು ವರ್ಷ ಅದೇ ಕೇಂದ್ರಕ್ಕೆ ಹೋಗುವುದು ತೈಲಕ್ಕಾಗಿ ಅಲ್ಲ, ಅಲ್ಲಿಯ ವೈದ್ಯೆ ಕೇಳುವ ಪ್ರಶ್ನೆಗಳಿಗಾಗಿ. ಬಿಪಿ, ಶುಗರ್, ಹಳೆಯ ಆಪರೇಷನ್, ತೆಗೆದುಕೊಳ್ಳುವ ಮಾತ್ರೆ, ಎಲ್ಲ ವಿಚಾರಿಸುತ್ತಾರೆ. ಒಮ್ಮೆ ಮೈ ಸ್ವಲ್ಪ ಬಿಸಿ ಇದೆ ಎಂದು ಎಣ್ಣೆ ಮುಟ್ಟಿಸದೆ ವಾಪಸ್ ಕಳಿಸಿದರು. ದುಡ್ಡೂ ತೆಗೆದುಕೊಳ್ಳಲಿಲ್ಲ. ಇನ್ನೊಂದು ಕಡೆ, ಹೆಸರು ಬೇಡ, ಬೋರಲಾಗಿ ಮಲಗಿದ್ದಾಗಲೇ ಮೆಂಬರ್‌ಶಿಪ್ ಪ್ಯಾಕೇಜ್ ಮಾರಲು ನೋಡಿದರು. ಎಲ್ಲಿ ನೋವು ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ಕಡೆ ಮತ್ತೆ ಹೋಗಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ತಿಳಿಸಿ. ಒಂದೇ ಕಾಲು ಊದಿಕೊಂಡು ಬಿಸಿಯಾಗಿದ್ದರೆ ಮಸಾಜ್ ಬೇಡವೇ ಬೇಡ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ಹೋಗಿ. ಉಳಿದವರು ಹೊಟ್ಟೆ ತುಂಬ ತಿಂದು ಹೋಗಬೇಡಿ. ಶನಿವಾರ, ಭಾನುವಾರ ಜಾಗ ಸಿಗುವುದು ಕಷ್ಟ, ವಾರದ ಮಧ್ಯೆ ಬೆಳಿಗ್ಗೆ ಬುಕ್ ಮಾಡಿ.